ಕ್ಲೋರಿನ್ ಇದೆ, ಆದರೂ ನೀರು ಹಸಿರು

ಪ್ರಶ್ನೆ: ಅಂಗಳದಲ್ಲಿ 8×4 ಮೀಟರಿನ ಈಜುಕೊಳವಿದೆ, ಸರಾಸರಿ ಆಳ 1.4 ಮೀಟರ್. ಮೂರು ವರ್ಷದಿಂದ ಟಿಸಿಸಿಎ 90 ಎಂಬ ಕ್ಲೋರಿನ್ ಮಾತ್ರೆಗಳನ್ನೇ ಹಾಕುತ್ತಿದ್ದೇವೆ. ಪರೀಕ್ಷಿಸಿದರೆ ಕ್ಲೋರಿನ್ 2 ಪಿಪಿಎಂ (ಹತ್ತು ಲಕ್ಷದಲ್ಲಿ 2 ಪಾಲು) ಇದೆ, ಆದರೂ ಪಾಚಿ ಕಟ್ಟುತ್ತದೆ. ಸ್ಟೆಬಿಲೈಜರ್ ಜಾಸ್ತಿಯಾಗಿದೆ ಎನ್ನುತ್ತಾರೆ ಅಂಗಡಿಯವರು. ನಾವು ಅದನ್ನು ಹಾಕಿಯೇ ಇಲ್ಲವಲ್ಲ?
– ಓದುಗರೊಬ್ಬರು, ಮಂಗಳೂರು

ಉತ್ತರ: ಹಾಕಿದ್ದೀರಿ, ಅದು ಮಾತ್ರೆಯೊಳಗೇ ಇದೆ. ಸ್ಟೆಬಿಲೈಜರ್ ಎಂದರೆ ಸಯನ್ಯೂರಿಕ್ ಆಮ್ಲ. ಬಿಸಿಲಿಗೆ ಕ್ಲೋರಿನ್ ನಾಶವಾಗದಂತೆ ಹಿಡಿದಿಡುತ್ತದೆ. ನಿಮ್ಮದು ಸುಮಾರು 45,000 ಲೀಟರಿನ ಕೊಳ. 200 ಗ್ರಾಂನ ಒಂದು ಮಾತ್ರೆ ಕರಗಿದರೆ 4 ಪಿಪಿಎಂ ಕ್ಲೋರಿನ್ ಜೊತೆ ಸುಮಾರು 2.4 ಪಿಪಿಎಂ ಸ್ಟೆಬಿಲೈಜರ್ ಸೇರುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಇದು ಆವಿಯೂ ಆಗದೆ ಉಳಿಯುತ್ತದೆ. 30ರಿಂದ 50 ಪಿಪಿಎಂ ಸಾಕು. ಹೆಚ್ಚಾದಷ್ಟೂ ಹಿಡಿತ ಬಿಗಿ, ಪಾಚಿ ಕೊಲ್ಲಲು ಸಿಗುವ ಕ್ಲೋರಿನ್ ಕಡಿಮೆ. ಪರೀಕ್ಷೆಯೋ, ಹಿಡಿತದಲ್ಲಿರುವುದನ್ನೂ ಸೇರಿಸಿಯೇ ಎಣಿಸುತ್ತದೆ. ಸ್ಟೆಬಿಲೈಜರಿನ ಶೇ 7.5ರಷ್ಟಾದರೂ ಕ್ಲೋರಿನ್ ಬೇಕು: 40ಕ್ಕೆ 3, 100ಕ್ಕೆ 7.5.

ಸ್ಟೆಬಿಲೈಜರ್ ಅಳೆಯಲು ಬಣ್ಣ ಬದಲಿಸುವ ಪರೀಕ್ಷಾ ಪಟ್ಟಿಯನ್ನು ನಂಬಬೇಡಿ. ತಳದಲ್ಲಿ ಕಪ್ಪು ಚುಕ್ಕೆಯಿರುವ ಕೊಳವೆಯ ಕಿಟ್ ಕೊಳ್ಳಿ. ಕೊಳದ ನೀರಿಗೆ ಅಷ್ಟೇ ಪ್ರಮಾಣದ ಮೆಲಮಿನ್ ದ್ರಾವಣ ಬೆರೆಸಿ, ಅರ್ಧ ನಿಮಿಷ ಕುಲುಕಿ, ಕಿಟ್ ಹೇಳಿದಷ್ಟು ಹೊತ್ತು ಬಿಡಿ. ನೀರು ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ಹಗಲು ಹೊರಗೆ, ಸೂರ್ಯನಿಗೆ ಬೆನ್ನು ಹಾಕಿ ನಿಂತು, ಕೊಳವೆಯನ್ನು ಸೊಂಟದ ಮಟ್ಟದಲ್ಲಿ ಹಿಡಿದು ಆ ನೀರನ್ನು ಅದರೊಳಗೆ ನಿಧಾನ ಸುರಿಯಿರಿ. ಮೇಲಿನಿಂದ ನೋಡುವಾಗ ಚುಕ್ಕೆ ಮರೆಯಾದಾಗ ನೀರಿನ ಮಟ್ಟದಲ್ಲಿರುವ ಅಂಕಿಯೇ ಉತ್ತರ. ನೀರು ತಣ್ಣಗಿದ್ದರೆ ಅಂಕಿ ಹೆಚ್ಚು ಬರುತ್ತದೆ. 100ರ ಗೆರೆಗೂ ಮೊದಲೇ ಚುಕ್ಕೆ ಮಾಯವಾಯಿತೇ? ಕೊಳದ ನೀರಿಗೆ ಸಮ ನಲ್ಲಿ ನೀರು ಸೇರಿಸಿ ಮತ್ತೆ ಮಾಡಿ, ಬಂದದ್ದನ್ನು ಎರಡರಿಂದ ಗುಣಿಸಿ.

ಇಳಿಸಲು ನೀರು ಬದಲಿಸುವುದೇ ದಾರಿ. 100ರಿಂದ 40ಕ್ಕೆ ಇಳಿಯಬೇಕಾದರೆ ಶೇ 60, ಅಂದರೆ 27,000 ಲೀಟರ್ ತೆಗೆದು ತುಂಬಬೇಕು. ನೀವು ಕರಾವಳಿಯವರು, ಮಳೆಗಾಲ ಕಾಯಬಹುದು. ಕೊಳ ತುಂಬಿಟ್ಟು ಪಂಪ್ ಓಡಿಸಿದರೆ, ಹೊರಚೆಲ್ಲಿ ಹೋಗುವ ಪ್ರತಿ 100 ಮಿ.ಮೀ. ಮಳೆ ಆಗ ಉಳಿದಿರುವ ಸ್ಟೆಬಿಲೈಜರಿನಲ್ಲಿ ಸುಮಾರು ಶೇ 7ರಷ್ಟನ್ನು ಒಯ್ಯುತ್ತದೆ, 1,300 ಮಿ.ಮೀ.ಗೆ ಕೆಲಸ ಮುಗಿಯುತ್ತದೆ. ಮಳೆಗಾಲದಲ್ಲಿ ಕೊಳವನ್ನು ಪೂರ್ತಿ ಬರಿದು ಮಾಡಬೇಡಿ, ಉಕ್ಕಿದ ಅಂತರ್ಜಲ ತಳವನ್ನೇ ಎತ್ತಿ ಬಿರುಕು ಬಿಡಿಸೀತು.

ಆಮೇಲೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣಕ್ಕೆ ಬದಲಾಯಿಸಿ, ಅದರಲ್ಲಿ ಸ್ಟೆಬಿಲೈಜರ್ ಇಲ್ಲ. ಮಾತ್ರೆ ಹಾಕುತ್ತಿದ್ದ ಪಾತ್ರೆಗೆ ಬ್ಲೀಚಿಂಗ್ ಪೌಡರ್ ಮಾತ್ರ ಯಾವತ್ತೂ ಬೇಡ. ಎರಡೂ ಬೆರೆತರೆ ಬೆಂಕಿ ಹತ್ತಬಹುದು, ಸಿಡಿಯಬಹುದು.

ಪ್ರಶ್ನೆ: ಹೊಸದಾಗಿ ತುಂಬಿಸಿದ 30,000 ಲೀಟರಿನ ಕೊಳ. ಬೆಳಿಗ್ಗೆ ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ಹಾಕಿದರೆ ಸಂಜೆಗೆ ಕ್ಲೋರಿನ್ ಸೊನ್ನೆ. ಏನು ಮಾಡಲಿ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಮ್ಮದು ಇದರ ತದ್ವಿರುದ್ಧ ಕಥೆ. ಸ್ಟೆಬಿಲೈಜರ್ ಸೊನ್ನೆಯಿದೆಯೆಂದು ಪರೀಕ್ಷಿಸಿ ಖಚಿತಪಡಿಸಿಕೊಳ್ಳಿ. 30 ಪಿಪಿಎಂಗೆ 900 ಗ್ರಾಂ ಬೇಕು. ಮೊದಲು 600 ಗ್ರಾಂ ಸಾಕು, ಹೆಚ್ಚಾದದ್ದನ್ನು ತೆಗೆಯುವುದು ಕಷ್ಟ. ಹರಳನ್ನು ನೇರ ಎರಚಿದರೆ ತಳದಲ್ಲೇ ಕೂತು ಕಲೆ ಮಾಡುತ್ತದೆ. ಹಳೆಯ ಕಾಲುಚೀಲಕ್ಕೆ ತುಂಬಿ, ಫಿಲ್ಟರಿನಿಂದ ನೀರು ಮರಳುವ ಬಾಯಿಯೆದುರು ತೂಗುಹಾಕಿ, ಪಂಪ್ ಓಡಿಸಿ, ಆಗಾಗ ಕೈಗವಸು ಹಾಕಿ ಹಿಚುಕಿ. ಒಂದೆರಡು ದಿನ ಹಿಡಿಯುತ್ತದೆ. ಒಂದು ವಾರ ಬಿಟ್ಟು ಪರೀಕ್ಷಿಸಿ, ಉಳಿದದ್ದನ್ನು ಹಾಕುವುದೋ ಬೇಡವೋ ತೀರ್ಮಾನಿಸಿ.