ಮೊಟ್ಟೆ ಕೂಡ ತಿನ್ನದ ಮನೆಗೆ ಲಾಡಿಹುಳ ಹೇಗೆ ಬಂತು?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನ್ನ ಮಗನಿಗೆ 6 ವರ್ಷ. ಎರಡು ತಿಂಗಳಿಂದ ಆಗಾಗ ಹೊಟ್ಟೆನೋವು ಅಂತಾನೆ, ಊಟ ಸೇರಲ್ಲ. ಮಲ ಪರೀಕ್ಷೆ ಮಾಡಿಸಿದಾಗ ‘ಹೈಮೆನೊಲೆಪಿಸ್ ಡಿಮಿನ್ಯೂಟಾ’ ಎಂದು ಬಂತು. ಇಲಿಯ ಲಾಡಿಹುಳ ಅಂತೆ! ನಾವು ಮೊಟ್ಟೆ ಕೂಡ ತಿನ್ನಲ್ಲ. ಶಾಲೆಯಲ್ಲಿ ಕೊಟ್ಟ ಜಂತುಹುಳದ ಮಾತ್ರೆಯನ್ನೂ ನುಂಗಿದ್ದಾನೆ. ಹೊರಗೆ ಕಂಡದ್ದೆಲ್ಲ ಕೊಡಿಸ್ತೀಯ ಅಂತ ಅತ್ತೆ ನನ್ನನ್ನೇ ಬೈತಿದ್ದಾರೆ. ಹುಳ ಮಿದುಳಿಗೆ ಹೋಗುತ್ತಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಕೊನೆಯ ಪ್ರಶ್ನೆ. ಇಲ್ಲ, ಹೋಗಲ್ಲ. ಮಿದುಳಿಗೆ ಹೋಗುವುದು ಹಂದಿಯ ಲಾಡಿಹುಳದ ಮರಿ, ಅದರ ದಾರಿಯೇ ಬೇರೆ. ನಿಮ್ಮ ಮಗನ ಹುಳ ಕರುಳಲ್ಲೇ ಇರುತ್ತದೆ.

ಇನ್ನು ಅತ್ತೆಯವರ ವಿಷಯ. ಈ ಹುಳಕ್ಕೂ ಮಾಂಸಕ್ಕೂ ಸಂಬಂಧವಿಲ್ಲ. ಇದು ಬರುವುದು ಹಿಟ್ಟಿನ ಡಬ್ಬಿಯಿಂದ. ಇಲಿಯ ಹಿಕ್ಕೆಯಲ್ಲಿ ಹುಳದ ಮೊಟ್ಟೆ ಇರುತ್ತದೆ, ಅದನ್ನು ಹಿಟ್ಟು, ಧಾನ್ಯದಲ್ಲಿ ಓಡಾಡುವ ಸಣ್ಣ ಕೆಂಪು ಹುಳ ಇದೆಯಲ್ಲ, ಅದು ತಿನ್ನುತ್ತದೆ, ಅದರ ಮೈಯೊಳಗೆ ಲಾಡಿಹುಳದ ಮರಿ ಬೆಳೆಯುತ್ತದೆ, ಆ ಕೆಂಪು ಹುಳವನ್ನು ಇನ್ನೊಂದು ಇಲಿ ತಿಂದರೆ ಅಲ್ಲಿಗೆ ಒಂದು ಸುತ್ತು ಮುಗಿಯಿತು. ಇಲಿಯ ಬದಲು ನಿಮ್ಮ ಮಗ ನುಂಗಿದ್ದಾನೆ, ಅಷ್ಟೇ. ಹಿಕ್ಕೆಯಲ್ಲಿನ ಮೊಟ್ಟೆ ನೇರವಾಗಿ ಬಾಯಿಗೆ ಹೋದರೂ ಈ ಜಾತಿಯ ಹುಳ ಮನುಷ್ಯನಲ್ಲಿ ಬೆಳೆಯಲ್ಲ, ನಡುವೆ ಕೀಟ ಇರಲೇಬೇಕು. ಹಾಗಾಗಿ ಅವನಿಂದ ಅವನ ತಂಗಿಗೆ ಅಂಟುವ ಭಯವೂ ಇಲ್ಲ.

ಬೇಯಿಸಿದರೆ ಆ ಮರಿ ಸಾಯುತ್ತದೆ. ಚಪಾತಿ, ಮುದ್ದೆ ಬಗ್ಗೆ ಯೋಚನೆ ಬೇಡ. ನೋಡಬೇಕಾದದ್ದು ಹಸಿಯಾಗಿ ಬಾಯಿಗೆ ಹೋಗುವುದನ್ನು. ಅಮ್ಮ ಹಿಟ್ಟು ಕಲೆಸುವಾಗ ಪಕ್ಕದಲ್ಲಿ ಕೂತು ಚಿಟಿಕೆ ಚಿಟಿಕೆ ಬಾಯಿಗೆ ಹಾಕಿಕೊಳ್ಳುವ ಮಕ್ಕಳು ಎಷ್ಟಿಲ್ಲ! ಹಳೆಯ ಮಂಡಕ್ಕಿ, ಅವಲಕ್ಕಿ, ಹುರಿಗಡಲೆ, ಒಣಹಣ್ಣು, ಇವೂ ಅಷ್ಟೇ. ದಾವಣಗೆರೆಯವರಿಗೆ ಮಂಡಕ್ಕಿ ಬಿಡಿ ಅನ್ನುವ ಧೈರ್ಯ ನನಗಿಲ್ಲ. ಜರಡಿ ಹಿಡಿದು, ಹುಳ ಇದೆಯಾ ನೋಡಿ ಕೊಡಿ. ಹುಳ ಬಿದ್ದಿದ್ದರೆ ಎಸೆಯಿರಿ.

ಶಾಲೆಯ ಮಾತ್ರೆ ಅಲ್ಬೆಂಡಜೋಲ್. ಅದನ್ನು ಕೊಡುವುದು ಮುಖ್ಯವಾಗಿ ದುಂಡುಹುಳ, ಕೊಕ್ಕೆಹುಳ, ಚಾಟಿಹುಳಗಳಿಗೆ. ಈ ಲಾಡಿಹುಳಕ್ಕೆ ಬಳಸುವುದು ಪ್ರಾಜಿಕ್ವಾಂಟೆಲ್, ಸಾಮಾನ್ಯವಾಗಿ ಕಿಲೋ ತೂಕಕ್ಕೆ 25 ಮಿಲಿಗ್ರಾಂ ಲೆಕ್ಕದಲ್ಲಿ ಒಂದೇ ಸಲ. ಲೆಕ್ಕ ಗೊತ್ತಾಯಿತೆಂದು ನೀವೇ ಅಂಗಡಿಯಿಂದ ತಂದು ಕೊಡಬೇಡಿ, ಮಕ್ಕಳ ಡಾಕ್ಟರೇ ಬರೆದುಕೊಡಲಿ. ಮಗನಿಗೆ ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ಅವರಿಗೆ ಮೊದಲೇ ಹೇಳಿ. ಔಷಧಿ ಆದ ಕೆಲವು ವಾರಕ್ಕೆ ಇನ್ನೊಮ್ಮೆ ಮಲ ಪರೀಕ್ಷೆ ಮಾಡಿಸಿ.

ಒಂದು ಮಾತು. ಈ ಹುಳ 20ರಿಂದ 60 ಸೆಂಟಿಮೀಟರ್ ಉದ್ದ ಇರಬಹುದು, ಪೈಜಾಮದ ಲಾಡಿಯ ಹಾಗೇ. ಆದರೂ ಎಷ್ಟೋ ಮಕ್ಕಳಿಗೆ ಏನೂ ತೊಂದರೆ ಕಾಣಲ್ಲ. ಹಾಗಾಗಿ ಹುಳ ಹೋದ ಮೇಲೂ ಹೊಟ್ಟೆನೋವು ನಿಲ್ಲದಿದ್ದರೆ ಬೇರೆ ಕಾರಣ ಹುಡುಕಬೇಕು, ಎಲ್ಲಕ್ಕೂ ಹುಳವನ್ನೇ ಬೈಯಬೇಡಿ.

ಪ್ರಶ್ನೆ: ನನ್ನ ಮಗಳ ರಿಪೋರ್ಟಿನಲ್ಲಿ ‘ಹೈಮೆನೊಲೆಪಿಸ್ ನಾನಾ’ ಎಂದಿದೆ. ಇದೂ ಇಲಿಯದ್ದೇನಾ? ಅವಳು ಹ್ಯಾಮ್‌ಸ್ಟರ್ (ಮನೆಯಲ್ಲಿ ಸಾಕುವ, ಇಲಿಯಂಥ ಪುಟ್ಟ ಪ್ರಾಣಿ) ಬೇಕು ಅಂತ ಬೇರೆ ಹಟ ಹಿಡಿದಿದ್ದಾಳೆ.
– ಒಬ್ಬ ಅಪ್ಪ, ಮೈಸೂರು

ಉತ್ತರ: ಇದು ಕುಳ್ಳ ಲಾಡಿಹುಳ. ಉದ್ದ 4 ಸೆಂಟಿಮೀಟರ್ ದಾಟುವುದು ಅಪರೂಪ. ಇಲಿಗಳಲ್ಲೂ ಇರುತ್ತದೆ, ಆದರೆ ಇದಕ್ಕೆ ನಡುವೆ ಕೀಟ ಬೇಕೇಬೇಕು ಅಂತಿಲ್ಲ. ಕೈ ಸರಿಯಾಗಿ ತೊಳೆಯದಿದ್ದರೆ ಮಗುವಿನಿಂದ ಮಗುವಿಗೆ ಹರಡುತ್ತದೆ, ಕರುಳಿನೊಳಗೇ ಮತ್ತೆ ಮತ್ತೆ ಹುಟ್ಟಿಕೊಳ್ಳುತ್ತದೆ. ಆದ್ದರಿಂದ ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ. ಔಷಧಿ ಅದೇ, ಆದರೆ ಡಾಕ್ಟರು ಎರಡನೇ ಡೋಸ್ ಕೊಟ್ಟರೆ ತಪ್ಪಿಸಬೇಡಿ. ಅವಳ ಉಗುರು ಕತ್ತರಿಸಿ, ಶೌಚಾಲಯದಿಂದ ಬಂದಾಗೆಲ್ಲ ಸೋಪು ಹಾಕಿ ಕೈ ತೊಳೆಸಿ.

ಹ್ಯಾಮ್‌ಸ್ಟರ್‌ಗೂ ಈ ಹುಳ ಇರಬಹುದು. ತರಲೇಬೇಡಿ ಅನ್ನಲ್ಲ. ಮೊದಲು ಪಶುವೈದ್ಯರಿಗೆ ತೋರಿಸಿ, ಮುಟ್ಟಿದ ಮೇಲೆ ಕೈ ತೊಳೆಯುವುದು ಕಡ್ಡಾಯ ಮಾಡಿ. ಪಂಜರ ಮಾತ್ರ ಗ್ಲೌಸ್ ಹಾಕಿಕೊಂಡು ನೀವೇ ತೊಳೆಯಬೇಕು. ಅದು ಆಗುತ್ತೆ ಅಂದರೆ ತನ್ನಿ.