ಶರಾವತಿ ಅಷ್ಟು ಅಗಲವಿದ್ದೂ ಹೊನ್ನಾವರಕ್ಕೆ ದೊಡ್ಡ ಹಡಗು ಯಾಕೆ ಬರುವುದಿಲ್ಲ?

ರೈಲಿನಲ್ಲಿ ಮುರ್ಡೇಶ್ವರಕ್ಕೆ ಹೋಗುವಾಗ ಶರಾವತಿ ಸೇತುವೆ ದಾಟಿದಿರಿ. ಇಷ್ಟು ದೊಡ್ಡ ಹೊಳೆ, ಹಿಂದೆ ಅರಬರ ಹಡಗು ಬರುತ್ತಿದ್ದ ಊರು, ಈಗ ನೋಡಿದರೆ ಮೀನಿನ ಬೋಟು ಬಿಟ್ಟು ಬೇರೇನೂ ಇಲ್ಲ, ಯಾಕೆ ಅಂತ ಕೇಳಿದ್ದೀರಿ. ಜೊತೆಗೆ, ಹಡಗಿನಲ್ಲಿ ದುಡಿಯುವವರ ಬದುಕು ನಿಮ್ಮೂರಿನಿಂದ ಹೇಗೆ ಕಾಣುತ್ತದೆ ಅಂತಲೂ ಕೇಳಿದ್ದೀರಿ. ನಾನು ಕಾಸರಕೋಡಿನವನು, ಅಂದರೆ ಹೊನ್ನಾವರದ ಎದುರು ದಡ. ಅಜ್ಜ ಮಚ್ವೆಯ (ಸರಕಿನ ಹಾಯಿ ಹಡಗು) ತಾಂಡೇಲ, ಅಂದರೆ ಅದನ್ನು ನಡೆಸುವವನು, ಅಪ್ಪನದು ಮೀನಿನ ಬೋಟು, ನಾನು ಹನ್ನೊಂದು ವರ್ಷ ಸರಕು ಹಡಗಿನಲ್ಲಿದ್ದೆ. ಹಾಗಾಗಿ ಬರೆಯುತ್ತಿದ್ದೇನೆ.

ಸೇತುವೆ ಮೇಲಿಂದ ನೋಡುವಾಗ ಹೊಳೆಯ ಮಧ್ಯದಲ್ಲಿ ಬೆಳ್ಳಕ್ಕಿ ಕಂಡಿತಾ? ಹಾರುತ್ತಿದ್ದದ್ದಲ್ಲ, ನಿಂತಿದ್ದು. ಇಳಿತದ ಹೊತ್ತಾಗಿದ್ದರೆ ಕಂಡೇ ಇರುತ್ತದೆ. ಸೇತುವೆ ಎರಡು ಕಿಲೋಮೀಟರಿಗೂ ಚೂರು ಹೆಚ್ಚು ಉದ್ದ, ಕೊಂಕಣ ರೈಲ್ವೆಯಲ್ಲೇ ಉದ್ದದ್ದು. ಆದರೆ ಅದರ ಕೆಳಗಿನ ನೀರು ಕೆಲವು ಕಡೆ ಹಕ್ಕಿಯ ಮೊಣಕಾಲಿಗೂ ಸಾಲುವುದಿಲ್ಲ. ಹೊಳೆಯ ಅಗಲ ನೋಡಿ ಹಡಗಿನ ಲೆಕ್ಕ ಹಾಕಬಾರದು. ಹಡಗಿಗೆ ಬೇಕಾದದ್ದು ಆಳ, ಅದೂ ಒಂದೇ ಒಂದು ಜಾಗದಲ್ಲಿ: ಅಳಿವೆಯಲ್ಲಿ.

ಹೊಳೆ ಕಡಲಿಗೆ ಸೇರುವ ಬಾಯಿಯೇ ಅಳಿವೆ. ಅಲ್ಲಿ ನೀರಿನಡಿಯಲ್ಲಿ ಮರಳಿನ ದಿಬ್ಬ ಅಡ್ಡ ಮಲಗಿರುತ್ತದೆ. ಹೊಳೆ ಘಟ್ಟದಿಂದ ತಂದ ಮಣ್ಣುಮರಳು ಕಡಲಿಗೆ ಸಿಕ್ಕಿದ ಕೂಡಲೇ ವೇಗ ಕಳೆದುಕೊಂಡು ಕೆಳಗೆ ಕೂರುತ್ತದೆ. ತೆರೆಗಳು ದಡದುದ್ದಕ್ಕೂ ತಳ್ಳಿಕೊಂಡು ಬಂದ ಮರಳೂ ಅಲ್ಲಿಗೇ ಬಂದು ಸೇರುತ್ತದೆ. ಮಳೆಗಾಲದ ನೆರೆ ಈ ದಿಬ್ಬವನ್ನು ಒಡೆದು ಹೊರಗೆ ದೂಡುತ್ತದೆ, ಬೇಸಿಗೆಯ ತೆರೆ ಮತ್ತೆ ಒಳಗೆ ತಳ್ಳುತ್ತದೆ. ಹೀಗಾಗಿ ಹೋದ ವರ್ಷ ಇದ್ದ ದಾರಿ ಈ ವರ್ಷ ಇರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಆಗಸ್ಟಿನಲ್ಲಿ ಮೊದಲ ಸಲ ಹೊರಡುವ ಬೋಟಿನವರು ನಾರಳಿ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಡುವುದು ಬರೀ ಶಾಸ್ತ್ರಕ್ಕಲ್ಲ. ಅವರಿಗೆ ದಿಬ್ಬ ಎಲ್ಲಿ ಹೋಗಿ ಕೂತಿದೆ ಅಂತ ಇನ್ನೂ ಗೊತ್ತಿರುವುದಿಲ್ಲ.

ಅಳಿವೆ ದಾಟುವುದು ಹೇಗೆ ಅಂತ ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ನಮ್ಮ ಕರಾವಳಿಯಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಹೆಚ್ಚೆಂದರೆ ಎರಡು ಮೀಟರ್ ಆಸುಪಾಸು, ಅದೂ ಹುಣ್ಣಿಮೆ ಅಮಾವಾಸ್ಯೆಗೆ. ದಾಟುವವನ ಕೈಯಲ್ಲಿರುವುದು ಅಷ್ಟೇ ನೀರು. ಅಜ್ಜನಿಗೆ ಗಡಿಯಾರ ಬೇಕಿರಲಿಲ್ಲ. "ಭರತಿ ದಿನಕ್ಕೆ ಎರಡು ಗಳಿಗೆ ತಡ" ಅನ್ನುತ್ತಿದ್ದ. ಭರತಿ ಅಂದರೆ ಉಬ್ಬರ, ಎರಡು ಗಳಿಗೆ ಅಂದರೆ 48 ನಿಮಿಷ. ಹಡಗು ಸೇರಿದ ಮೇಲೆ ಓದಿದ ಪುಸ್ತಕದಲ್ಲಿ ಸುಮಾರು 50 ನಿಮಿಷ ಅಂತಿತ್ತು!

ಹತ್ತನೇ ವಯಸ್ಸಿನಲ್ಲಿ ಒಮ್ಮೆ ಅಪ್ಪನ ಬೋಟಿನಲ್ಲಿ ಅಜ್ಜನ ಜೊತೆ ಒಳಗೆ ಬಂದದ್ದು ನೆನಪಿದೆ. ಬೆಳಗಿನ ಜಾವ, ಬೋಟಿನ ತುಂಬ ಬಂಗಡೆ. ಅಳಿವೆಯ ಹೊರಗೆ ಬಂದು ಅಪ್ಪ ಎಂಜಿನ್ ಮೆಲ್ಲಗೆ ಮಾಡಿದ. ಅಜ್ಜ ಮುಂದೆ ಹೋಗಿ ಬಿದಿರ ಗಳ ಹಿಡಿದು ಕೂತ. ತೆರೆಗಳು ಒಂದೊಂದಾಗಿ ಬರುವುದಿಲ್ಲ, ಗುಂಪಾಗಿ ಬರುತ್ತವೆ, ಆಮೇಲೆ ಸ್ವಲ್ಪ ಹೊತ್ತು ತಣ್ಣಗಿರುತ್ತದೆ. ಆ ತಣ್ಣಗಿನ ಹೊತ್ತಿಗೆ ಕಾಯಬೇಕು. ಅಪ್ಪನಿಗೆ ಅವಸರ, ದಕ್ಕೆಯಲ್ಲಿ ವ್ಯಾಪಾರಿ ಹೊರಟುಬಿಡುತ್ತಾನೆ ಅಂತ. "ತಡಿಯಾ, ಇನ್ನೊಂದ್ ಬರ್ಲಿ" ಅಂದ ಅಜ್ಜ. ಬಂತು. ಬೋಟಿನಡಿಗೆ ನುಗ್ಗಿ ನಮ್ಮನ್ನು ಎತ್ತಿ, ಮುಂದೆ ಹೋಗಿ ದಿಬ್ಬದ ಮೇಲೆ ಬಿಳಿಯಾಗಿ ಒಡೆಯಿತು. "ಹೂಂ, ಈಗ." ಎಂಜಿನ್ ಕಿರುಚಿತು. ಮಧ್ಯದಲ್ಲಿ ಒಮ್ಮೆ ಅಡಿ ಮರಳಿಗೆ ಉಜ್ಜಿದ ಸದ್ದು, ದೋಸೆ ಕಲ್ಲಿನ ಮೇಲೆ ಸಟ್ಟುಗ ಎಳೆದ ಹಾಗೆ. ಯಾರೂ ಮಾತಾಡಲಿಲ್ಲ. ಒಳಗೆ ಬಂದ ಮೇಲೆ ಅಜ್ಜ ಗಳ ಒರೆಸಿ ಬದಿಗಿಟ್ಟು ಎಲೆಯಡಿಕೆ ಚೀಲ ಬಿಚ್ಚಿದ.

ಇಳಿತ ಜೋರಾಗಿ ಹೊರಗೆ ಎಳೆಯುವ ಹೊತ್ತಿಗೆ ಅಳಿವೆ ಎಲ್ಲಕ್ಕಿಂತ ಕೆಟ್ಟದ್ದು. ಹೊಳೆ ನೀರು ಹೊರಗೆ, ತೆರೆ ಒಳಗೆ. ಎರಡೂ ಎದುರುಬದುರಾದಾಗ ತೆರೆ ಗೋಡೆಯ ಹಾಗೆ ನೆಟ್ಟಗಾಗುತ್ತದೆ. ಬೋಟು ಮಗುಚುವುದು ಹೆಚ್ಚಾಗಿ ಆಗಲೇ. ಅಪ್ಪನ ಎರಡನೇ ಬೋಟು ಹೋದದ್ದೂ ಹಾಗೇ. ಜನ ಉಳಿದರು, ಬಲೆ ಹೋಯಿತು.

ಇನ್ನು ಅರಬರ ಹಡಗಿನ ವಿಷಯ. ಅದು ಸುಳ್ಳಲ್ಲ. 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತ ಇದನ್ನು ಹಿನಾವರ್ ಅಂತ ಕರೆದು, ದೊಡ್ಡ ಹಡಗು ಒಳಗೆ ಬರುವ ಹೊಳೆಬಾಯಿ ಅಂತ ಬರೆದಿದ್ದಾನೆ. ಹೆಣ್ಣುಮಕ್ಕಳ 13 ಶಾಲೆ ಇದ್ದವು ಅಂತಲೂ ಬರೆದಿದ್ದಾನೆ, ನಮ್ಮ ಊರಿನವರು ಅದನ್ನು ಹೇಳದೆ ಬಿಡುವುದಿಲ್ಲ. ಆಮೇಲೆ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಲದಲ್ಲಿ ಘಟ್ಟದ ಮೆಣಸು ದೋಣಿಯಲ್ಲಿ ಹೊಳೆ ಇಳಿದು ಇಲ್ಲಿಗೆ ಬರುತ್ತಿತ್ತು, ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂದರು. ಆದರೆ ಆ ಕಾಲದ ದೊಡ್ಡ ಹಡಗು ಅಂದರೆ ಮರದ್ದು. ತುಂಬಿದರೂ ನೀರಿನೊಳಗೆ ಎರಡು ಮೂರು ಮೀಟರ್ ಇಳಿಯುತ್ತಿತ್ತು, ಹುಣ್ಣಿಮೆಯ ಭರತಿ ಹಿಡಿದರೆ ಒಳಗೆ ಬರಬಹುದಿತ್ತು. ಇಂದಿನ ದೊಡ್ಡ ಅದಿರು ಹಡಗು 18 ಮೀಟರ್ ಕೂರುತ್ತದೆ. ಅಂದರೆ ಆರು ಮಹಡಿ ಮನೆ ನೀರಿನೊಳಗೆ. ಹೊಳೆ ಸಣ್ಣದಾಯಿತು ಅಂತ ಜನ ಅನ್ನುತ್ತಾರೆ. ನನ್ನ ಪ್ರಕಾರ ಹೊಳೆಗಿಂತ ಹೆಚ್ಚು ಬದಲಾದದ್ದು ಹಡಗು. ಉಗಿ ಹಡಗು ಬಂದಾಗಲೇ ಆಟ ಮುಗಿದಿತ್ತು. ಮುಂಬೈ ಸ್ಟೀಮರು ಹೊರಗೆ ಕಡಲಲ್ಲೇ ಲಂಗರು ಹಾಕುತ್ತಿತ್ತು, ಜನ ಗಂಟುಮೂಟೆ ಸಮೇತ ದೋಣಿಯಲ್ಲಿ ಹೋಗಿ ಹತ್ತುತ್ತಿದ್ದರು.

ಹೊಳೆಗೆ ಏನೂ ಆಗಿಲ್ಲ ಅಂತಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ನೆರೆಯ ರೀತಿಯೇ ಬೇರೆಯಾಯಿತು. ವಿದ್ಯುತ್ ತಯಾರಿಸಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಬರುತ್ತಲೇ ಇರುತ್ತದೆ. ಅಳಿವೆಯ ಉಪ್ಪು ಕಡಿಮೆಯಾಗಿ ಬಳಚು (ತಿನ್ನುವ ಚಿಪ್ಪು) ಹೋಯಿತು. ಈಗ ಬಳಚು ತಿನ್ನಬೇಕಾದರೆ ಅಣೆಕಟ್ಟಿಲ್ಲದ ಅಘನಾಶಿನಿಯದ್ದೇ ಗತಿ. ಅಲ್ಲಿಯದು ರುಚಿಯೂ ಹೆಚ್ಚು, ಒಪ್ಪಿಕೊಳ್ಳುವುದು ಕಷ್ಟ. (ಕಾಸರಕೋಡ ಟೊಂಕದಲ್ಲಿ ಹೊಸ ವಾಣಿಜ್ಯ ಬಂದರು ಬೇಕೇ ಬೇಡವೇ ಎನ್ನುವ ಜಗಳಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಅದಕ್ಕೆ ಬೇರೆಯೇ ಉತ್ತರ ಬರೆಯಬೇಕು, ಬೈಸಿಕೊಳ್ಳಲು ಸಿದ್ಧನಾಗಿ.)

ಸಿಹಿನೀರು ಅಂದೆನಲ್ಲ, ಅದರದ್ದೇ ಇನ್ನೊಂದು ತಂಟೆ ಇದೆ. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ಎರಡೂವರೆ ಪ್ರತಿಶತ ಭಾರ. ಕಡಲಲ್ಲಿ 8 ಮೀಟರ್ ಕೂರುವ ಹಡಗು ಹೊಳೆಗೆ ಬಂದರೆ, ಒಂದು ಮೂಟೆ ಹೆಚ್ಚು ಹೇರದೆಯೂ 15-20 ಸೆಂ.ಮೀ. ಕೆಳಗಿಳಿಯುತ್ತದೆ. ಹಡಗಿನ ಪಕ್ಕೆಯಲ್ಲಿ ವೃತ್ತ, ಅದರ ಬದಿಗೆ ಏಣಿ ಮೆಟ್ಟಿಲಿನಂಥ ಗೆರೆಗಳನ್ನು ನೋಡಿದ್ದೀರಾ? ಅದು ಪ್ಲಿಮ್ಸಾಲ್ ಗುರುತು. ಹೇರಿದ ಮೇಲೆ ಗೆರೆ ಮುಳುಗಬಾರದು. ಬೇಸಿಗೆಗೆ ಒಂದು, ಚಳಿಗಾಲಕ್ಕೆ ಒಂದು, ಸಿಹಿನೀರಿಗೇ ಒಂದು ಬೇರೆ ಗೆರೆ. ಹಾಳು ಹಡಗಿಗೆ ಮಿತಿಮೀರಿ ತುಂಬಿಸಿ ಖಲಾಸಿಗಳನ್ನು ಮುಳುಗಿಸಿ ವಿಮೆ ಎತ್ತುತ್ತಿದ್ದ ಮಾಲೀಕರ ವಿರುದ್ಧ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಬ್ರಿಟಿಷ್ ಸಂಸತ್ತಿನಲ್ಲಿ ಕೂಗಾಡಿ 1876ರಲ್ಲಿ ಕಾನೂನು ಮಾಡಿಸಿದ. ಅಜ್ಜನಿಗೆ ಪ್ಲಿಮ್ಸಾಲ್ ಗೊತ್ತಿರಲಿಲ್ಲ. ಹೊಳೆಯಲ್ಲಿ ಹಂಚು ಹೇರುವಾಗ "ಹೊಳೆ ನೀರು ತೆಳು, ಎರಡು ಬೆರಳು ಬಿಡಿ" ಅನ್ನುತ್ತಿದ್ದನಂತೆ.

ಕಾರವಾರದ್ದು ಬೇರೆ ಕತೆ. ಅಲ್ಲಿಯ ಬಂದರು ಕಾಳಿ ಹೊಳೆಯ ಬಾಯಿಯಲ್ಲಿಲ್ಲ, ದಕ್ಷಿಣಕ್ಕೆ ಬೈತಖೋಲದಲ್ಲಿ ಗುಡ್ಡದ ಮರೆಯಲ್ಲಿದೆ. ಹೊಳೆಯ ಮರಳಿನ ಕಾಟ ಕಡಿಮೆ, ಆಳ ಹೆಚ್ಚು. ಹಾಗಾಗಿ ಡಾಂಬರು, ಎಣ್ಣೆಯ ಹಡಗು ಅಲ್ಲಿಗೆ ಬರುತ್ತವೆ. ನೌಕಾದಳವೂ ಆ ಕಡಲನ್ನೇ ಆರಿಸಿಕೊಂಡಿತು, ಐಎನ್‌ಎಸ್ ಕದಂಬ 2005ರಲ್ಲಿ ಶುರುವಾಯಿತು.

ಆದರೆ ನಮ್ಮ ದಿಬ್ಬವನ್ನು ಬೈಯುವಾಗ ಒಂದು ಮಾತು ನೆನಪಿಡಬೇಕು. ಮಚ್ವೆಯ ಕಾಲದಲ್ಲಿ ಮಳೆಗಾಲದ ನಾಲ್ಕು ತಿಂಗಳು ಹಡಗುಗಳನ್ನು ಕಾಪಾಡಿದ್ದು ಅದೇ. ದೊಡ್ಡ ತೆರೆ ಅದರ ಮೇಲೆ ಒಡೆದುಹೋಗುತ್ತಿತ್ತು, ಒಳಗೆ ಹೊಳೆ ಶಾಂತ. ಮೇ ಕೊನೆಗೆ ಮಚ್ವೆ ಒಳಗೆ ತಂದು, ದಡಕ್ಕೆಳೆದು, ಮಡ್ಲು (ಹೆಣೆದ ತೆಂಗಿನ ಗರಿ) ಹೊದಿಸಿ, ಹಲಗೆ ಸಂದಿಗೆ ಹತ್ತಿ ತುರುಕಿ ಮೀನೆಣ್ಣೆ ಬಳಿಯುತ್ತಿದ್ದರು. ಅಮ್ಮನಿಗೆ ಮಳೆಗಾಲ ಅಂದರೆ ಈಗಲೂ ಆ ಎಣ್ಣೆಯ ವಾಸನೆ.

ನಿಮ್ಮ ಎರಡನೇ ಪ್ರಶ್ನೆಗೆ ಹೆಚ್ಚು ಹೇಳುವುದಿಲ್ಲ. ಈಗ ಹಡಗು ನಮ್ಮಲ್ಲಿಗೆ ಬರುವುದಿಲ್ಲ, ನಾವೇ ಸಿಡಿಸಿ ಪುಸ್ತಕ (ಹಡಗಿನ ಕೆಲಸಗಾರರ ಗುರುತಿನ ಪುಸ್ತಕ) ಹಿಡಿದು ಮುಂಬೈಗೆ ಹೋಗುತ್ತೇವೆ. ಆರರಿಂದ ಒಂಬತ್ತು ತಿಂಗಳ ಕರಾರು, ನಾಲ್ಕು ಗಂಟೆ ಕಾವಲು, ಎಂಟು ಗಂಟೆ ಬಿಡುವು. ಬಿಡುವು ಅಂದರೆ ತುಕ್ಕು ಕೆರೆದು ಬಣ್ಣ ಹಚ್ಚುವುದೂ ಅದರಲ್ಲೇ ಬಂತು. ಹಳೆಯ ಹಡಗಿನ ಭಾಷೆಯಲ್ಲಿ ತಾಂಡೇಲ ಅಂದರೆ ಖಲಾಸಿಗಳ ಮುಖ್ಯಸ್ಥನಾದ ಸಾರಂಗನ ಕೈಕೆಳಗಿನವನು. ಊರಲ್ಲಿ ತಾಂಡೇಲನೇ ದೊರೆ. ಇದನ್ನು ಅಜ್ಜನಿಗೆ ನಾನು ಹೇಳಲೇ ಇಲ್ಲ. ನದಿ ಬಂದರು ಅಂದರೆ ಏನು ಅಂತ ನನಗೆ ಗೊತ್ತಾದದ್ದೂ ಬೇರೆ ಊರಲ್ಲಿ. ಕೋಲ್ಕತ್ತಾಕ್ಕೆ ಹೋಗಲು ಹೂಗ್ಲಿ ಹೊಳೆಯ ದಾರಿಯಲ್ಲಿ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಆ ದಾರಿ ಬಲ್ಲ ಪೈಲಟ್ಟೇ ನಮ್ಮ ಹಡಗನ್ನು ನಡೆಸಬೇಕು. ಅದಕ್ಕೂ ಮುಂಚೆ ಹೊರಗೆ ಭರತಿಗಾಗಿ ಲಂಗರು ಹಾಕಿ ಕಾದೆವು. ಕ್ಯಾಪ್ಟನ್ ಅಸಹನೆಯಿಂದ ಅತ್ತಿತ್ತ ತಿರುಗುತ್ತಿದ್ದ. ನನಗೆ "ತಡಿಯಾ" ಅನ್ನಬೇಕು ಅನ್ನಿಸಿತು.

ಇನ್ನೊಂದು ಸಲ ಕಾಂಡ್ಲಾದಿಂದ ಮಂಗಳೂರಿಗೆ ಹೋಗುತ್ತಿದ್ದೆವು. ಬೆಳಿಗ್ಗೆ ಎಡಕ್ಕೆ ಘಟ್ಟದ ಸಾಲು ಮಸುಕಾಗಿ ಕಂಡಿತು. ಅಮ್ಮನ ಮೊಬೈಲಿನಲ್ಲಿ ಹಡಗು ತೋರಿಸುವ ಆ್ಯಪ್ ಹಾಕಿಕೊಟ್ಟಿದ್ದೆ. ನಡುಸಮುದ್ರಕ್ಕೆ ಹೋದರೆ ಅದರಲ್ಲಿ ನನ್ನ ಚುಕ್ಕೆ ಮಾಯವಾಗುತ್ತಿತ್ತು, ಅವಳು ಎರಡು ದಿನ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಅವತ್ತು ಚುಕ್ಕೆ ಸರಿಯಾಗಿ ಕಾಸರಕೋಡಿನ ಎದುರಿತ್ತು. ಫೋನು ಬಂತು. "ಮನೆ ಎದುರೇ ಇದ್ಯಲ್ಲ, ಬಾ, ಅನ್ನಕ್ಕೆ ಇಡ್ತೆ." ಮಂಗಳೂರಲ್ಲಿ ದಡಕ್ಕಿಳಿಯಲು ಸಿಗಲಿಲ್ಲ. ಐದು ತಿಂಗಳಾದ ಮೇಲೆ ಮುಂಬೈಯಲ್ಲಿ ಇಳಿದು, ರೈಲಿನಲ್ಲಿ ಹೊನ್ನಾವರಕ್ಕೆ ಬಂದು, ರಿಕ್ಷಾದಲ್ಲಿ ಹೊಳೆ ದಾಟಿ ಮನೆ ಬಾಗಿಲಿಗೆ ಬಂದರೆ ಅಮ್ಮ ಹೇಳಿದ ಮೊದಲ ಮಾತು, "ಅನ್ನ ತಣ್ಣಗಾಯ್ತು."