ಗವರ್ನರ್ ಎಂದರೆ ರಾಜಭವನದವರಲ್ಲ

ತಮ್ಮಾ, ಅಧ್ಯಕ್ಷರ ಚುನಾವಣೆ ಮುಗಿದು ಎರಡೇ ವರ್ಷಕ್ಕೆ ಮತ್ತೆ ಇದೆಂಥ ಚುನಾವಣೆ, ಗವರ್ನರಿಗೂ ಮತ ಹಾಕುತ್ತಾರೆಯೇ, ಎಚ್-1ಬಿ ಕೆಲಸದ ವೀಸಾದಲ್ಲಿ ಅಮೆರಿಕದ ಮಿಷಿಗನ್‌ಗೆ ಬಂದ ನನಗೆ ಇದರಲ್ಲೇನಾದರೂ ಪಾಲಿದೆಯೇ ಎಂದು ಕೇಳಿದ್ದೀಯ.

ಇದಕ್ಕೆ ‘ಮಿಡ್‌ಟರ್ಮ್’ ಎನ್ನುತ್ತಾರೆ, ಸರಕಾರ ಬಿದ್ದು ಬರುವ ನಮ್ಮ ಮಧ್ಯಂತರ ಚುನಾವಣೆಯಂಥದ್ದಲ್ಲ. ಇಲ್ಲಿನ ಸಂಸತ್ತಿನ ಕೆಳಮನೆಯ 435 ಸ್ಥಾನಗಳಿಗೂ ಎರಡು ವರ್ಷಕ್ಕೊಮ್ಮೆ ಚುನಾವಣೆ, ಮೇಲ್ಮನೆಯಾದ ಸೆನೆಟಿನಲ್ಲಿ ಸುಮಾರು ಮೂರನೆಯ ಒಂದು ಪಾಲಿಗೆ. ಗವರ್ನರ್ ನಮ್ಮ ಮುಖ್ಯಮಂತ್ರಿಯಿದ್ದಂತೆ, ಆದರೆ ಜನರೇ ನೇರವಾಗಿ ಆರಿಸುತ್ತಾರೆ. 2026ರ ನವೆಂಬರ್ 3ರಂದು ಮಿಷಿಗನ್ ಸೇರಿ 36 ರಾಜ್ಯಗಳಲ್ಲಿ ಆ ಹುದ್ದೆಗೆ ಚುನಾವಣೆ. ಉಳಿದದ್ದು ಟಿವಿಯಲ್ಲಿ ಸಾಕುಸಾಕೆನಿಸುವಷ್ಟು ಬರುತ್ತದೆ.

ನಿನಗೆ ಪಾಲಿಲ್ಲ. ಪೌರತ್ವ ಬರುವವರೆಗೆ ಮತವಿಲ್ಲ, ಕಾಯಂ ವಾಸದ ಗ್ರೀನ್ ಕಾರ್ಡಿಲ್ಲದೆ ಅಭ್ಯರ್ಥಿಗೆ ದೇಣಿಗೆ ಕೊಡುವುದೂ ಕಾನೂನಿಗೆ ವಿರುದ್ಧ. ಔತಣಕ್ಕೆ ಕರೆದು ಚೆಕ್ ಕೇಳಿದರೆ ಕೈಮುಗಿದು ಬಾ.

2004ರಲ್ಲಿ ನನಗೆ ಇದನ್ನು ಹೇಳುವವರಿರಲಿಲ್ಲ. ಚಾಲನಾ ಪರವಾನಗಿ ಕೊಡುವ ಕೌಂಟರಿನಲ್ಲೇ ಇಲ್ಲಿ ಮತದಾರರ ನೋಂದಣಿಯೂ ನಡೆಯುತ್ತದೆ. ಅಲ್ಲಿದ್ದ ಹೆಂಗಸು ಏನೋ ಕೇಳಿದಳು. ಅರ್ಧ ಅರ್ಥವಾಯಿತು, ಪೂರ್ತಿ ತಲೆಯಾಡಿಸಿದೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು ಬೆರಳಿಟ್ಟಲ್ಲೆಲ್ಲ ಸಹಿ ಹಾಕಿ ಬೆಳೆದವನು ನಾನು. ಪೌರನೆಂದು ಗುರುತು ಹಾಕಿದ ಚೌಕದ ಕೆಳಗೂ ಹಾಕಿಬಿಟ್ಟೆ. ಕೆಲವೇ ವಾರಗಳಲ್ಲಿ ಮತದಾರರ ಚೀಟಿ ಅಂಚೆಯಲ್ಲಿ ಬಂತು. ‘ಬಂದ ತಿಂಗಳಿಗೇ ಓಟು ಕೊಟ್ಟರು’ ಎಂದು ತರೀಕೆರೆಗೆ ಫೋನು ಮಾಡಿ ಅಪ್ಪನಿಗೆ ಹೇಳಿದೆ. ಅವರು ಅದನ್ನು ಊರಿಗೆಲ್ಲ ಹೇಳಿದರು.

ರಾಜ್ಯೋತ್ಸವದ ಊಟದಲ್ಲಿ ಹಿರಿಯರೊಬ್ಬರು ಆ ಚೀಟಿ ನೋಡಿ ಹೌಹಾರಿದರು. ಗಡೀಪಾರಿಗೂ ಇಷ್ಟು ಸಾಕು ಎಂದು ಅಂದೇ ರದ್ದತಿಯ ಪತ್ರ ಬರೆಸಿದರು. ನಾನು ಮತ ಹಾಕಿರಲಿಲ್ಲ, ನಿಜ. ಆದರೆ ಪೌರತ್ವದ ಅರ್ಜಿಯಲ್ಲಿ ‘ಎಂದಾದರೂ ನೋಂದಾಯಿಸಿದ್ದಿರಾ’ ಎಂಬ ಪ್ರಶ್ನೆಯಿದೆ. ಅದಕ್ಕೆ ಹೆದರಿ, ಅರ್ಹತೆ ಬಂದರೂ ವರ್ಷಗಟ್ಟಲೆ ಅರ್ಜಿ ಹಾಕಲಿಲ್ಲ. ಹೆಂಡತಿ ಹಾಕಿದಳು, ಪಡೆದಳು.

2018ರ ಆಗಸ್ಟಿನಲ್ಲಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರರು ಇಲ್ಲಿ ಗವರ್ನರ್ ಹುದ್ದೆಗೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಮೊದಲ ಸುತ್ತಿನ ಚುನಾವಣೆಗೆ ನಿಂತಿದ್ದರು. ಅದರಲ್ಲಿ ಗ್ರೆಚೆನ್ ವಿಟ್ಮರ್ ಗೆದ್ದರು, ಇವರು ಮೂರನೆಯವರು. ನಾನು ಇವರಿಗೇ ಹಾಕುತ್ತಿದ್ದೆನೆಂದೂ ಹೇಳಲಾರೆ. ಆದರೂ ಕುಂದಾದ ಊರಿನ ಹೆಸರೊಂದು ಮತಪತ್ರದಲ್ಲಿದ್ದ ದಿನ, ಹೆಂಡತಿ ಮತ ಹಾಕಿ ಬರುವವರೆಗೆ ನಾನು ಶಾಲೆಯ ಹೊರಗೆ ಕಾರಿನಲ್ಲಿ ಕುಳಿತಿದ್ದೆ. ವಕೀಲರ ನೆರವಿನಿಂದ ನಾನು ಪೌರನಾದದ್ದು 2021ರಲ್ಲಿ. ಮರುವರ್ಷ ಥಾಣೇದಾರರು ಡೆಟ್ರಾಯಿಟ್‌ನಿಂದ ಕೆಳಮನೆಗೆ ಗೆದ್ದರು. ನಮ್ಮ ಊರು ಟ್ರಾಯ್ ಅವರ ಕ್ಷೇತ್ರದಲ್ಲಿಲ್ಲ.

ಅಷ್ಟರಲ್ಲಿ ಅಪ್ಪ ಇರಲಿಲ್ಲ. ಪ್ರತಿ ನವೆಂಬರಿನಲ್ಲಿ ‘ಓಟು ಹಾಕಿದೆಯೇನೋ?’ ಎನ್ನುತ್ತಿದ್ದರು. ಚೀಟಿ ರದ್ದಾದದ್ದನ್ನು ಅವರಿಗೆ ಹೇಳಲೇ ಇಲ್ಲ.

ಪರವಾನಗಿಗೆ ಹೋಗುವ ದಿನ ನನಗೆ ತಿಳಿಸು. ಜೊತೆಗೆ ಬರುತ್ತೇನೆ.